ಕೈಕಟ್ಟಿ ಕೂರುವ ಕೆಲಸ

ಹೊಸ ಒಪ್ಪಂದದ ಪ್ರಕಾರ ವಿಮಾನ ಹಾರಿಸುವವರು ನೆಲದ ಮೇಲಿರುತ್ತಾರೆ, ಹೊಸಕೋಟೆಯ ಒಂದು ಶೆಡ್ಡಿನಲ್ಲಿ, ಗುತ್ತಿಗೆಯ ಮೇಲೆ. ನಮ್ಮ ಮಾತು ಅವರಿಗೂ ಅವರ ದನಿ ನಮಗೂ ಹೆಡ್‌ಫೋನಿನಲ್ಲಿ ಕೇಳುತ್ತದೆ; ಇವತ್ತಿನ ದನಿ ಒಬ್ಬ ಹುಡುಗಿಯದು. ನಾವು ಪೈಲಟ್‌ಗಳು ಕಾಕ್‌ಪಿಟ್ಟಿನಲ್ಲಿ ಕೈಕಟ್ಟಿ ಕೂತು, ಪ್ರಯಾಣಿಕರು ಹೆದರದಂತೆ ಮೈಕಿನಲ್ಲಿ ಸ್ವಾಗತ ಹೇಳಬೇಕು. ಹಾರಿಸುವವರು ಯಾರೆಂದು ಬಾಯಿಬಿಟ್ಟರೆ ಕೆಲಸ ಹೋಗುತ್ತದೆ.

"ಸಂಬಳ ಕಮ್ಮಿ ಆಗ್ಲಿಲ್ವಲ್ಲ ದಮಯಂತಿ, ಇನ್ನೇನು ಬೇಕು ನಿಮಗೆ?" ಎಂದ ಪಕ್ಕದ ಸೀಟಿನ ಪೊನ್ನಪ್ಪ. ಪೈಲಟ್‌ಗಳ ಸಂಘದ ಪರವಾಗಿ ಆ ಒಪ್ಪಂದಕ್ಕೆ ಸಹಿ ಹಾಕಿದವನು ಅವನೇ.

"ನನ್ನ ಕೆಲಸ ಬೇಕು ಕಣ್ರೀ. ಸೀರೆ ಅಂಗಡಿ ಬೊಂಬೆ ಮಾಡಿ ಕೂರಿಸಿದ್ರಲ್ಲ ನನ್ನ!"

"ಬೊಂಬೆಗೆ ಪಿಂಚಣಿ ಇರಲ್ಲ," ಎಂದು ನಕ್ಕ. "ಸಂಘದ ಸಭೇಲಿ ಕೂಗಾಡಿ. ಈಗ ಸ್ವಾಗತ ಹೇಳಿ."

ಮೈ ಉರಿಯಿತು. ಬಾಯಿ ಮುಚ್ಚಿಕೊಂಡು ನಗುವುದನ್ನು ನನಗೆ ಮನೆಯಲ್ಲೇ ಕಲಿಸಿದ್ದರು. ಆ ಅಭ್ಯಾಸ ಬಿಡಿಸಿದ್ದು ಈ ಸೀಟು. ಮೈಕ್ ತೆಗೆದುಕೊಂಡೆ.

"ನಮಸ್ಕಾರ. ನಾನು ಕ್ಯಾಪ್ಟನ್ ದಮಯಂತಿ. ಈ ವಿಮಾನ ಹಾರಿಸುವುದು ನಾನಲ್ಲ. ಹೊಸಕೋಟೆಯಲ್ಲಿ ಕೂತಿರುವ ಯಾರೋ ಒಬ್ಬ ಹುಡುಗಿ."

ಪೊನ್ನಪ್ಪ ಮೈಕ್ ಕಿತ್ತುಕೊಳ್ಳಲು ಕೈಹಾಕಿದ. ಅಷ್ಟರಲ್ಲಿ ನನ್ನ ಹೆಡ್‌ಫೋನಿನಲ್ಲಿ ಹೊಸಕೋಟೆಯ ದನಿ ಸಿಡಿಯಿತು.

"ಯಾರೋ ಒಬ್ಬ ಹುಡುಗಿ ಅಂದ್ರೆ ಹೆಂಗೆ ಮೇಡಂ? ನಂಗೂ ಒಂದು ಹೆಸ್ರೈತೆ. ನಾಗವೇಣಿ ಅಂತ ಹೇಳಿ."

ಅವನ ಕೈ ತಳ್ಳಿ, ಹೇಳಿದೆ.