ಮರೆಗುಳಿ ಹೆಂಡತಿಗೊಂದು ನಾಯಿಮರಿ

ನಾವು ಮರೆತುದೆಲ್ಲವನ್ನೂ ನೆನಪಿನಲ್ಲಿಟ್ಟುಕೊಂಡು, ನಮ್ಮನ್ನು ಮಾತ್ರ ಎಂದಿಗೂ ಮರೆಯದ ಪರಮಾತ್ಮನ ಪಾದಗಳಿಗೆ ತಲೆಬಾಗಿ ಈ ಕಥೆಯನ್ನು ಆರಂಭಿಸುತ್ತೇನೆ.

ಹೆಂಡತಿ ಮತ್ತೆ ಹಾಲಿನ ಪಾತ್ರೆಯನ್ನು ಹಿತ್ತಲಿಗೆ ಒಯ್ಯುತ್ತಿದ್ದಳು.

"ಎಲ್ಲಿಗೇ ಅದು?" ಎಂದು ಅವಳ ಗಂಡ, ಪುಸ್ತಕಗಳ ಬೈಂಡರ್, ಕೇಳಿದ.

"ಮಕ್ಕಳು ಹಸಿದಿರ್ತಾರೆ."

"ಯಾವ ಮಕ್ಕಳು?"

ಅವಳು ಅವನ ಮುಖವನ್ನೇ ನೋಡಿದಳು. ಸೆರಗಿನಿಂದ ಕಣ್ಣೊತ್ತಿಕೊಂಡು ಹೊರಟುಹೋದಳು.

ಅವರಿಗಿದ್ದವಳು ಒಬ್ಬಳೇ ಮಗಳು. ಮೂವತ್ತು ದಾಟಿದ ಆ ಮಗಳು ಆಗಲೇ ತಿಂಡಿ ಮುಗಿಸಿ ಕೆಲಸಕ್ಕೆ ಹೋಗಿದ್ದಳು. ಇವಳ ಪಾಲಿಗೆ ಮಗಳು ಇನ್ನೂ ಹಾಲು ಕುಡಿಯುವ ಕೂಸೇ ಆಗಿಬಿಟ್ಟಳೇ?

ಇತ್ತೀಚೆಗೆ ಇಂಥವು ಹೆಚ್ಚಾಗಿದ್ದವು. ಅವನ ಒಂದು ಚಪ್ಪಲಿ ಪಟ್ಟಿ ಹರಿದು ಹಿತ್ತಲಲ್ಲಿ ಬಿದ್ದಿತ್ತು. ಹಳೆಯ ಪತ್ರಿಕೆಗಳನ್ನು ಅವಳು ನೆಲದ ತುಂಬ ಹಾಸುತ್ತಿದ್ದಳು. ಏಕೆಂದು ಕೇಳಿದರೆ "ಒದ್ದೆಯಾಗುತ್ತಲ್ಲ" ಎನ್ನುತ್ತಿದ್ದಳು. ಆಕಾಶದಲ್ಲಿ ಮೋಡದ ಸುಳಿವೂ ಇರಲಿಲ್ಲ. ಹಾಳೆ ಕತ್ತರಿಸುವ ಅವನ ಕತ್ತಿಯನ್ನು ಮಗಳು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಳು. ತಾಯಿಯ ಕೈಗೆ ಸಿಗಬಾರದೆಂದು ತಾನೆ? ಅವನು ಬಾಯಿಬಿಟ್ಟು ಕೇಳಲಿಲ್ಲ. ಕೆಲವು ಸಂಕಟಗಳನ್ನು ಮನೆಯವರು ಮಾತಿಲ್ಲದೆಯೇ ಹಂಚಿಕೊಳ್ಳಬೇಕಾಗುತ್ತದೆ.

ಚದರಿದ ಹಾಳೆಗಳನ್ನು ಕ್ರಮಕ್ಕೆ ತಂದು, ಹೊಲಿದು, ರಟ್ಟು ಕಟ್ಟಿ ಬಾಳಿದವನು ಅವನು. ಕೈಹಿಡಿದವಳ ದಿನಗಳೇ ಕಟ್ಟು ಬಿಚ್ಚಿ ಒಂದೊಂದಾಗಿ ಉದುರುವಾಗ ಅವನ ಯಾವ ಸೂಜಿಯೂ ಉಪಯೋಗಕ್ಕೆ ಬರಲಿಲ್ಲ.

ಡಾಕ್ಟರ ಕೋಣೆಯಲ್ಲಿ ಮೂವರೂ ಕುಳಿತಿದ್ದುದು ಅವನಿಗೆ ಕಣ್ಣಿಗೆ ಕಟ್ಟಿದಂತಿತ್ತು. ಹೆಂಡತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮಗಳು ಅವಳ ಬೆನ್ನು ಸವರುತ್ತಿದ್ದಳು. ಡಾಕ್ಟರು ಮಾತ್ರ ನೇರವಾಗಿ ಬೈಂಡರನನ್ನೇ ನೋಡುತ್ತ ಹೇಳಿದರು: "ಇದಕ್ಕೆ ಪೂರ್ತಿ ಗುಣ ಆಗೋ ಔಷಧಿ ಇಲ್ಲ. ಮನೇಲೊಂದು ಸಣ್ಣ ಜೀವ ಇರಲಿ. ಒಂದು ನಾಯಿಮರಿನೋ ಏನೋ. ಹೊತ್ತು ಹೊತ್ತಿಗೆ ಅದನ್ನ ನೋಡ್ಕೋತಿದ್ರೆ ಮನಸ್ಸಿಗೊಂದು ಹಿಡಿತ ಸಿಗುತ್ತೆ."

ಹೆಂಡತಿಯೆದುರು ಅವಳಿಗೇ ಹೇಳಲಾಗದ್ದನ್ನು ಗಂಡನಿಗೆ ಹೇಳುವ ಆ ಸೂಕ್ಷ್ಮವನ್ನು ಬೈಂಡರ್ ಮೆಚ್ಚಿಕೊಂಡಿದ್ದ.

ಇನ್ನು ತಡಮಾಡಬಾರದು. ಅವನು ಅಂಗಿ ತೊಟ್ಟು ಹೊರಟ.

"ಎಲ್ಲಿಗೆ ಹೊರಟ್ರಿ?" ಹೆಂಡತಿ ಹಿತ್ತಲಿಂದ ಓಡಿಬಂದಳು.

"ಇಲ್ಲೇ. ಈಗ ಬಂದೆ."

"ಹುಷಾರು ರೀ."

"ನಾನೇನು ಮಗುನೇನೆ? ನೀನು ಹುಷಾರಾಗಿರು. ಬಾಗಿಲು ಹಾಕ್ಕೋ."

ಬೀದಿಯ ತುದಿಯಲ್ಲಿ ಹಿಟ್ಟಿನ ಗಿರಣಿಯಿತ್ತು. ಅರ್ಧ ದಾರಿಯಲ್ಲಿ ಅವನು ತಿರುಗಿ ನೋಡಿದ. ಅವಳು ಗೇಟು ಹಿಡಿದುಕೊಂಡು ಅವನನ್ನೇ ನೋಡುತ್ತ ನಿಂತಿದ್ದಳು. ಇಂಥವಳನ್ನು ಒಬ್ಬಳೇ ಬಿಟ್ಟು ಬರಬೇಕಾಯಿತಲ್ಲ ಎಂದುಕೊಳ್ಳುತ್ತ ಅವನು ಮುಂದೆ ನಡೆದ.

ಅವನನ್ನು ಕಂಡೊಡನೆ ಗಿರಣಿಯವಳು ಯಂತ್ರ ನಿಲ್ಲಿಸಿದಳು. ಮೂಲೆಯ ಗೋಣಿತಟ್ಟಿನ ಮೇಲೆ ಬಿಳಿಗಾಲಿನ ಎರಡು ಕಂದು ಮರಿಗಳು ಮೈತುಂಬ ಹಿಟ್ಟು ಬಳಿದುಕೊಂಡು ಮಲಗಿದ್ದವು. ತಾಯಿನಾಯಿ ಒಮ್ಮೆ ತಲೆಯೆತ್ತಿ ಅವನನ್ನು ನೋಡಿತು. ಬೊಗಳಲಿಲ್ಲ.

"ಒಂದು ಮರಿ ಬೇಕಿತ್ತು," ಎಂದ ಬೈಂಡರ್.

"ಮನೆಯವರಿಗಾ, ಅಣ್ಣ?"

"ನಿಮಗೆ ಹೇಗೆ ಗೊತ್ತಾಯ್ತು?"

"ತಮಗೇ ಬೇಕಾದ್ರೆ ಗಂಡಸರು ಇಷ್ಟು ನಾಚ್ಕೊಳ್ಳಲ್ಲ," ಎಂದಳು ಅವಳು, ಕೈಯ ಹಿಟ್ಟು ಕೊಡವಿಕೊಳ್ಳುತ್ತ.

ಅವನು ದನಿ ತಗ್ಗಿಸಿದ. "ಅವಳಿಗೆ ಮರೆವಿನ ಕಾಯಿಲೆ. ಯಾರ ಹತ್ರಾನೂ ಹೇಳಬೇಡಿ."

"ಯಾವತ್ತಾದ್ರೂ ಹೇಳಿದ್ದೀನಾ?"

"ಎರಡೇನಾ ಇರೋದು?"

"ಐದಿದ್ವು. ಮೂರು ಒಂದೇ ಮನೆಗೆ ಹೋದ್ವು."

"ಮೂರೂ ಒಂದೇ ಮನೆಗಾ? ಅವರಿಗೇನು ಬೇರೆ ಕೆಲಸ ಇಲ್ವಾ?" ಬೈಂಡರ್ ಬಹಳ ದಿನಗಳ ಮೇಲೆ ಮನಬಿಚ್ಚಿ ನಕ್ಕ.

ಗಿರಣಿಯವಳು ನಗಲಿಲ್ಲ. "ತುಂಬ ಒಳ್ಳೆಯವರು, ಅಣ್ಣ," ಎಂದು ಬಗ್ಗಿ, ಒಂದು ಮರಿಯನ್ನೆತ್ತಿ ಅವನ ಕೈಗಿತ್ತಳು. ಅವನು ತನ್ನ ಮನೆಯ ಗೇಟು ಸೇರುವವರೆಗೂ ಯಂತ್ರವನ್ನು ಮತ್ತೆ ಚಾಲೂ ಮಾಡಲಿಲ್ಲ.

ದಾರಿಯುದ್ದಕ್ಕೂ ಅಂಗಿಯೊಳಗೆ ಮರಿ ಬೆಚ್ಚಗೆ ಮಿಸುಕುತ್ತಿತ್ತು. ಅವನ ಮನಸ್ಸಿಗೆ ಮಾತ್ರ ನೆಮ್ಮದಿಯಿರಲಿಲ್ಲ. ಇದನ್ನು ನೋಡಿಯೂ ಅವಳು ಖಾಲಿ ಕಣ್ಣುಗಳಿಂದ ಸುಮ್ಮನೆ ನಿಂತುಬಿಟ್ಟರೆ? ಇದೂ ಹಿಡಿಸದಿದ್ದರೆ ಅವಳನ್ನು ತಡೆದು ನಿಲ್ಲಿಸಲು ಅವನ ಬಳಿ ಬೇರೇನೂ ಉಳಿದಿರಲಿಲ್ಲ. ದೇವರೇ, ಇದೊಂದನ್ನು ನಡೆಸಿಕೊಡು ಎಂದು ಬೇಡಿಕೊಂಡ.

ಅವಳು ಗೇಟಿನಲ್ಲೇ ಇದ್ದಳು.

"ಕಣ್ಣು ಮುಚ್ಚು," ಎಂದ.

ಮುಚ್ಚಿದಳು.

"ಈಗ ಬಿಡು."

"ಅಯ್ಯೋ, ಎಷ್ಟು ಮುದ್ದಾಗಿದೆ. ನನಗೇ ಅಂತ ತಂದ್ರಾ?"

ಅವಳ ಕಣ್ಣುಗಳು ತುಂಬಿ ಬಂದಿದ್ದವು. ತುಟಿಯ ಮೇಲೆ ನಗುವೂ ಇತ್ತು. ಬೈಂಡರನಿಗೆ ಹೋದ ಜೀವ ಬಂದಂತಾಯಿತು. "ಇನ್ನು ನೀನು ಏನನ್ನೂ ಮರೆಯಲ್ಲ ನೋಡು. ನಾನಿದ್ದೀನಿ," ಎಂದು ಅವಳ ಭುಜ ತಟ್ಟಿ ಒಳಗೆ ಕರೆತಂದ.

ಆ ಸದ್ದಿಗೆ ಹಿತ್ತಲ ಬಾಗಿಲನ್ನು ತಳ್ಳಿಕೊಂಡು ಬಿಳಿಗಾಲಿನ ಮೂರು ಕಂದು ಮರಿಗಳು ಒಂದರ ಮೇಲೊಂದು ಉರುಳುತ್ತ ಓಡಿಬಂದವು. ಬಾಲ ಅಲ್ಲಾಡಿಸುತ್ತ ನೇರವಾಗಿ ಅವನ ಕಾಲಿಗೇ ಸುತ್ತಿಕೊಂಡವು.

"ಇವು ಯಾರವೇ?"

ಅವಳು ಈ ನಾಲ್ಕನೆಯ ಮರಿಯನ್ನೂ, ಹಿಂದಿನ ಮೂರು ಸಲ ಮಾಡಿದಂತೆಯೇ, ಅವನು ತಂದ ಮೊದಲನೆಯದೆಂಬಂತೆ ಎದೆಗೊತ್ತಿಕೊಂಡಳು.

ಇದನ್ನು ಕೇಳಿದವರೆಲ್ಲರ ನೆನಪು ಕೊನೆಯವರೆಗೂ ಬಾಡದಿರಲಿ. ಬಾಡಿದರೂ, ಗೇಟಿನಲ್ಲಿ ಕಾದು ನಿಲ್ಲುವವರೊಬ್ಬರನ್ನು ಭಗವಂತ ಅವರಿಗೆ ಕರುಣಿಸಲಿ.