ಕಿವಿ ಚೆಂಡಿನ ಮೇಲೆ

ಕಿವಿ ಡಾಕ್ಟರ ಕೋಣೆಯ ಹೊರಗಿದ್ದ ಬೆಂಚಿನ ಮೇಲೆ ಭಾವ ತಮ್ಮ ಕನ್ನಡಕದ ಡಬ್ಬಿಯನ್ನು ಅಡ್ಡವಾಗಿ ಇಟ್ಟರು. "ಇದು ಅವರ ಕೊನೇ ಡಿಫೆಂಡರ್." ನೀರಿನ ಬಾಟಲಿಯ ನೀಲಿ ಮುಚ್ಚಳ ತೆಗೆದು ಡಬ್ಬಿಯಿಂದ ಎರಡು ಬೆರಳು ಮುಂದೆ ಇಟ್ಟರು. "ಇದು ನೀನು." ಪಕ್ಕದಲ್ಲಿದ್ದ ಭಾಮೈದ ಪೇಂಟರ್ ಮುಚ್ಚಳವನ್ನು ಡಬ್ಬಿಯ ಹಿಂದಕ್ಕೆ ಎಳೆದ. ಭಾವ ಮತ್ತೆ ಮುಂದಕ್ಕೆ ತಳ್ಳಿದರು. ಮೂವತ್ತೊಂದು ವರ್ಷದಿಂದ ನಡೆದುಬಂದ ಜಗಳ ಇದು. ಊಟದ ಮೇಜಿನ ಮೇಲೆ ಲೋಟ ಚಮಚ ಇಟ್ಟುಕೊಂಡು, ನೆಂಟರ ಮನೆ ಬಾಗಿಲಲ್ಲಿ ಚಪ್ಪಲಿ ಜೋಡಿಸಿಕೊಂಡು ಆಡಿದ್ದಾಗಿತ್ತು. ಆಸ್ಪತ್ರೆಯೊಂದು ಬಾಕಿ ಇತ್ತು.

ಜಗಳ ಹುಟ್ಟಿದ ಆ ಫುಟ್‌ಬಾಲ್ ಫೈನಲ್‌ನಲ್ಲಿ ಪೇಂಟರ್ ಇನ್ನೂ ಪೇಂಟರ್ ಆಗಿರಲಿಲ್ಲ. ಬಟ್ಟೆ ಗಿರಣಿಯ ತಂಡದವರು ಅವನ ಆಟ ನೋಡಲೆಂದೇ ಬಂದಿದ್ದರು. ಇವತ್ತೊಂದು ಗೋಲು ಹೊಡಿ, ತಂಡದಲ್ಲಿ ಜಾಗ, ಗಿರಣಿಯಲ್ಲಿ ಕೆಲಸ ಎಂದು ಮಾತು ಕೊಟ್ಟಿದ್ದರು. ಅವನು ಹೊಡೆದ. ಕುಣಿದು ಹಿಂದಿರುಗಿ ನೋಡಿದರೆ, ಗೆರೆಯ ಪಕ್ಕದಲ್ಲಿ ಲೈನ್ಸ್‌ಮನ್ ಆಗಿದ್ದ ಭಾವನ ಬಾವುಟ ಮೇಲಿತ್ತು. ಆಫ್‌ಸೈಡ್, ಗೋಲು ಇಲ್ಲ. ಗಿರಣಿಯವರು ಎದ್ದು ಹೋದರು. ಅಂದಿನಿಂದ ಕಂಡವರ ಮನೆ ಗೋಡೆಗೆ ಬಣ್ಣ ಬಳಿಯುತ್ತಲೇ ಅವನ ತಲೆ ಬೆಳ್ಳಗಾಯಿತು. ಹೆಂಡತಿಯ ತಮ್ಮನನ್ನೂ ಬಿಡಲಿಲ್ಲ ಅನ್ನಿಸಿಕೊಳ್ಳಲು ಭಾವ ಬೇಕೆಂದೇ ಬಾವುಟ ಎತ್ತಿದರು ಎಂಬುದು ಅವನ ನಂಬಿಕೆ. ಅಕ್ಕ ಮಾತ್ರ ಗಂಡನ ಕಡೆಗೇ ನಿಂತಳು. ಅವರು ಕಣ್ಣಾರೆ ಕಾಣದೆ ಕೈ ಎತ್ತುವವರಲ್ಲ ಎಂದುಬಿಟ್ಟಳು. ಆ ಒಂದು ಮಾತಿಗೆ ತಮ್ಮ ಎರಡು ವರ್ಷ ಅವಳ ಮನೆ ಹೊಸಿಲು ತುಳಿದಿರಲಿಲ್ಲ.

"ನಿನ್ನ ಕಡೆಯೋನು ನಿನಗೆ ಚೆಂಡು ಒದ್ದ ಗಳಿಗೇಲಿ ನೀನೆಲ್ಲಿದ್ದೆ, ಅಷ್ಟೇ ಲೆಕ್ಕ," ಎಂದು ಭಾವ ಪಾಠ ಶುರು ಮಾಡಿದರು. "ಕಣ್ಣು ಡಿಫೆಂಡರ್ ಮೇಲೆ, ಕಿವಿ ಚೆಂಡಿನ ಮೇಲೆ. ಒದ್ದ ಸದ್ದು ಬಂದಾಗ ನೀನು ಮುಂದಿದ್ರೆ ಬಾವುಟ ಮೇಲೆ. ಒದ್ದವನ ಕಾಲು ನೋಡೋಕೆ ಕತ್ತು ತಿರುಗಿಸಿದ್ರೆ ಲೈನ್ಸ್‌ಮನ್ ಕೆಟ್ಟ. ವಾಪಸ್ ತಿರುಗೋ ಅಷ್ಟರಲ್ಲಿ ನೀನು ಎರಡು ಹೆಜ್ಜೆ ಓಡಿರ್ತೀಯ. ಸರಿಯಾಗಿದ್ದೋನೂ ಮುಂದಿದ್ದ ಹಾಗೇ ಕಾಣ್ತಾನೆ."

ಪೇಂಟರ್ ಮುಚ್ಚಳವನ್ನು ಮತ್ತೆ ಡಬ್ಬಿಯ ಹಿಂದಕ್ಕೆ ಎಳೆದಿಟ್ಟು ಏನೋ ಎದುರಾಡಿದ. ಭಾವ "ಏನು?" ಎಂದರು. ಮತ್ತೆ ಹೇಳಿದ, ಮತ್ತೆ "ಏನು?" ಎಂದರು. ಮೂರನೆಯ ಸಲ ಅವನು ಕಿರುಚಿದ್ದಕ್ಕೆ ನರ್ಸ್ ಬಂದು ಗದರಿಸಿ ಹೋದಳು. ಹೋದ ವಾರ ಹಿಂದಕ್ಕೆ ಬರುತ್ತಿದ್ದ ಲಾರಿಯ ಹಾರನ್ನೇ ಭಾವನಿಗೆ ಕೇಳಿಸಿರಲಿಲ್ಲ. ಯಾರೋ ಅಂಗಿ ಹಿಡಿದು ಎಳೆದದ್ದಕ್ಕೆ ಉಳಿದರು. ಅಕ್ಕ ಅತ್ತು ಕರೆದು ತಮ್ಮನನ್ನು ಜೊತೆಗೆ ಕಳಿಸಿದ್ದಳು.

ಒಳಗೆ ಗಾಜಿನ ಪುಟ್ಟ ಕೋಣೆ. ಪರೀಕ್ಷೆ ಮಾಡುವ ಹುಡುಗಿ ಭಾವನನ್ನು ಅದರಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದಳು. ಸದ್ದು ಕೇಳಿಸಿದ ತಕ್ಷಣ ಕೈ ಎತ್ತಬೇಕು ಎಂದು ಜೋರಾಗಿ ಹೇಳಿದಳು. ಕೈ ಎತ್ತೋದನ್ನ ನನಗೇ ಹೇಳ್ಕೊಡ್ತೀಯಾ ಎಂದು ಭಾವ ನಕ್ಕರು. ಅವಳು ಹೊರಬಂದು ಯಂತ್ರದ ಮುಂದೆ ಕುಳಿತಳು. ಪೇಂಟರ್ ಅವಳ ಪಕ್ಕ ನಿಂತ. ಗುಂಡಿ ಒತ್ತಿದಾಗಲೆಲ್ಲ ಯಂತ್ರದಲ್ಲಿ ಹಸಿರು ದೀಪ ಹತ್ತುತ್ತಿತ್ತು. ಒಳಗೆ ಭಾವನ ಕೈ ಏಳುತ್ತಿತ್ತು, ಸ್ವಲ್ಪ ತಡವಾಗಿ.

ನಾಲ್ಕನೆಯ ಸಲಕ್ಕೆ ಪೇಂಟರ್ ಗಮನಿಸಿದ. ದೀಪ ಹತ್ತುತ್ತಿದ್ದ ಹಾಗೆ ಭಾವನ ಕತ್ತು ಹುಡುಗಿಯ ಬೆರಳಿನ ಕಡೆಗೆ ತಿರುಗಿತು. ಮತ್ತೆ ನೆಟ್ಟಗಾಯಿತು. ಆಮೇಲೆ ಕೈ ಎದ್ದಿತು. ಅಂದು ಇವನ ಬೆನ್ನ ಹಿಂದೆ ನಡೆದದ್ದು ಇಂದು ಕಣ್ಣೆದುರು ನಡೆಯುತ್ತಿತ್ತು.

ಹುಡುಗಿಗೂ ಅದು ಕಂಡಿತು. ಒಳಗೆ ಹೋಗಿ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಬಂದಳು. ಹಸಿರು ದೀಪ ಹತ್ತಿತು. ಭಾವನ ಕೈ ತೊಡೆಯ ಮೇಲೇ ಇತ್ತು. ಮತ್ತೆ ಹತ್ತಿತು, ಮತ್ತೆ ಹತ್ತಿತು. ಮೂವತ್ತೊಂದು ವರ್ಷ ಆ ಕೈಗೆ ಹಿಡಿಶಾಪ ಹಾಕಿದವನು ಗಾಜಿಗೆ ಹಣೆ ಒತ್ತಿ, ಒಂದೇ ಒಂದು ಸಲ ಏಳಲಿ ಎಂದು ಬೇಡಿಕೊಂಡ. ಅದು ಏಳಲಿಲ್ಲ.

ಇವರು ಏನು ಕೆಲಸದಲ್ಲಿದ್ದರು ಎಂದು ಹುಡುಗಿ ಕೇಳಿದಳು. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಹದಿನೆಂಟನೆಯ ವಯಸ್ಸಿನಿಂದ ಮಿಷನ್ ಪಕ್ಕದಲ್ಲೇ ಎಂದ ಪೇಂಟರ್.

"ಹಾಗಾದ್ರೆ ಇದು ನಿನ್ನೆ ಮೊನ್ನೇದಲ್ಲ. ಮಿಷನ್ ಸದ್ದಿಗೆ ಹೋಗೋ ಕಿವಿ ಮೊದಲ ಹತ್ತು ಹದಿನೈದು ವರ್ಷದಲ್ಲೇ ಮುಕ್ಕಾಲು ಹೋಗಿರುತ್ತೆ. ಇವರಿಗೆ ಗೊತ್ತಿದ್ದೇ ಇರುತ್ತೆ."

ಪೇಂಟರ್ ಬೆಂಚಿಗೆ ಬಂದು ಕುಳಿತ. ಫೈನಲ್ ನಡೆದಾಗ ಭಾವ ಪ್ರೆಸ್ ಸೇರಿ ಹದಿನಾರು ವರ್ಷವಾಗಿತ್ತು. ಕಡೆಗೂ ತಾನೇ ಗೆದ್ದಿದ್ದ. ಗೆದ್ದವನಿಗೆ ಅಳು ಬರುತ್ತಿತ್ತು.

ಭಾವ ಕಿವಿ ಉಜ್ಜಿಕೊಳ್ಳುತ್ತ ಬಂದು ಪಕ್ಕದಲ್ಲಿ ಕುಳಿತರು. "ಎಷ್ಟು ಸರಿಯಾಯ್ತೋ?"

ಪೇಂಟರ್ ನೀಲಿ ಮುಚ್ಚಳವನ್ನು ತೆಗೆದು, ತಾನೇ ಕೈಯಾರೆ, ಡಬ್ಬಿಯಿಂದ ಎರಡು ಬೆರಳು ಮುಂದೆ ಇಟ್ಟ.

ಭಾವ ಅದನ್ನೇ ನೋಡುತ್ತ ಕುಳಿತರು. ತೆರೆದ ಬಾಗಿಲಿನಿಂದ ಗಾಜಿನ ಕೋಣೆ ಕಾಣುತ್ತಿತ್ತು. ಕುರ್ಚಿಯ ಮುಖ ಇನ್ನೂ ಗೋಡೆಗೇ ಇತ್ತು. ಆಮೇಲೆ ಅವರು ಮುಚ್ಚಳವನ್ನು ಮೆಲ್ಲಗೆ ಡಬ್ಬಿಯ ಹಿಂದಕ್ಕೆ ಎಳೆದರು.

"ನಿಮ್ಮಕ್ಕನಿಗೆ ಮಾತ್ರ ಹೇಳ್ಬೇಡ ಕಣೋ," ಎಂದರು.