ನಾಲ್ಕನೇ ವಾರ್ಡಿನ ಹಾಸಿಗೆ

“ಲೈಲ್, ರಾತ್ರಿ ಹೊತ್ತು ನೀನು ಎಲ್ಲಿ ಮಲಗ್ತೀಯಾ?”

ಚುನಾವಣಾಧಿಕಾರಿ ಮಾರ್ಲಿಸ್ ಹೀಗೆ ಕೇಳಿದ್ದು ತುಂಬಿದ ಸಭೆಯಲ್ಲಿ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎಪ್ಪತ್ತೆರಡು ವರ್ಷದ ಲೈಲ್ ಟ್ವೆಟನ್ ನೋಯುವ ಕತ್ತನ್ನು ಉಜ್ಜಿಕೊಳ್ಳುತ್ತ ನಿಂತಿದ್ದ. ಬೈಬಲ್ ಮುಟ್ಟಿ ಪ್ರಮಾಣ ಮಾಡಿ ಎರಡು ನಿಮಿಷವೂ ಆಗಿರಲಿಲ್ಲ.

ಅಮೆರಿಕದ ಡಕೋಟಾದ ಈ ಬಯಲಲ್ಲಿ ಕೌಂಟಿ ಮಂಡಳಿಗೆ, ಅಂದರೆ ಜಿಲ್ಲಾ ಮಂಡಳಿಗೆ, ನಿಲ್ಲುವವನು ತನ್ನ ವಾರ್ಡಿನಲ್ಲೇ ವಾಸವಿರಬೇಕು. ಜಮೀನಿದ್ದರೆ ಸಾಲದು, ಟಪಾಲು ಬಂದರೂ ಸಾಲದು. ರಾತ್ರಿ ತಲೆಯಿಡುವ ಜಾಗವೇ ವಾಸ. ಪಟ್ಟಣದಲ್ಲಿ ಮಲಗಿ ಹಳ್ಳಿಯ ಹೆಸರಲ್ಲಿ ಗೆಲ್ಲುವ ಜಾಣರಿಗಾಗಿ ಹಿಂದಿನವರು ಮಾಡಿಟ್ಟ ಕಟ್ಟಳೆ ಇದು.

ಲೈಲ್ ಚುನಾವಣೆಗೆ ನಿಂತದ್ದು ಒಂದೇ ಕಾರಣಕ್ಕೆ. ಪಟ್ಟಣದಲ್ಲಿರುವ ಕೌಂಟಿಯ ವೃದ್ಧಾಶ್ರಮವನ್ನು ಜನವರಿಯಲ್ಲಿ ಮುಚ್ಚಬೇಕೆಂದು ಮಂಡಳಿಯ ಮೂವರು, ಬೇಡವೆಂದು ಇಬ್ಬರು. ಆ ಮೂವರಲ್ಲೊಬ್ಬ ನಾಲ್ಕನೇ ವಾರ್ಡಿನ ಹಾಲಿ ಸದಸ್ಯ ಡ್ಯಾರೆಲ್ ಹಾಗೆನ್. ಅವನು ಸೋತರೆ ಆಶ್ರಮ ಉಳಿಯುತ್ತದೆ. ಉಳಿಯದಿದ್ದರೆ ಅಲ್ಲಿರುವ ಲೈಲ್‌ನ ಹೆಂಡತಿ ಬರ್ನಿಸ್‌ಳನ್ನು ನೂರೈವತ್ತು ಮೈಲಿ ಆಚೆ ಸಾಗಿಸುತ್ತಾರೆ. ಅವಳಿಗೆ ಗಂಡನ ಗುರುತು ಹತ್ತದೆ ಎರಡು ವರ್ಷವಾಯಿತು. ಇವನಿಗೆ ಅವಳ ಗುರುತಿತ್ತು, ಅಷ್ಟು ಸಾಕಾಗಿತ್ತು.

ಈ ವಾರ್ಡಿನ ಮತದಾರರ ಪಟ್ಟಿಯಲ್ಲಿ ಇನ್ನೂ ಹೆಸರಿರುವ ಒಬ್ಬರು ದೂರು ಕೊಟ್ಟಿದ್ದರು. ಒಂದೇ ಸಾಲು: ‘ಲೈಲ್ ಟ್ವೆಟನ್ ರಾತ್ರಿ ಮನೆಗೆ ಬರುವುದೇ ಇಲ್ಲ.’

ಪಕ್ಕದ ಹೊಲದ ಆರಿನ್ ಸಾಕ್ಷಿಗೆ ಎದ್ದ. “ಸಾಯಂಕಾಲ ಏಳಕ್ಕೆ ಇವನ ಪಿಕಪ್ ಹೊರಡುತ್ತೆ. ವಾಪಸ್ ಬರೋದು ಬೆಳಗ್ಗೆ ಆರಕ್ಕೆ. ಗಡ್ಡ ಹೆರ್ಕೊಂಡು, ಒಗೆದ ಶರಟು ಹಾಕ್ಕೊಂಡು ಹೋಗ್ತಾನೆ. ಜೇಬಲ್ಲಿ ಹಲ್ಲುಜ್ಜೋ ಬ್ರಷ್ಷು ಬೇರೆ!”

“ಪೆಪ್ಪರ್‌ಮಿಂಟೂ ಇರುತ್ತೆ ಕಣೋ,” ಎಂದಿತು ಹಿಂದಿನ ಸಾಲು. “ಪಟ್ಟಣದಲ್ಲಿ ಕೆಫೆ ಇಟ್ಟಿರೋಳು ಕಾನಿ, ಅವಳಿಗೆ ಅದಂದ್ರೆ ಪ್ರಾಣ.”

ಊರಿಗೆ ಇಷ್ಟು ಸಾಕು. ಹೆಂಡತಿಗೆ ಗುರುತಿಲ್ಲ, ಗಂಡಸು ಎಷ್ಟು ದಿನ ಅಂತ ಒಬ್ಬನೇ ಇದ್ದಾನು ಎಂದು ಅರ್ಧ ಸಭೆ ಆಗಲೇ ತೀರ್ಪು ಕೊಟ್ಟಾಗಿತ್ತು.

ಡ್ಯಾರೆಲ್ ಮಾತ್ರ ನಗಲಿಲ್ಲ. ತನ್ನ ಹೆಸರು ಅಚ್ಚಾದ ಪ್ರಚಾರದ ಪೆನ್ನನ್ನು ಬೆರಳಲ್ಲಿ ತಿರುಗಿಸುತ್ತ ನೆಲ ನೋಡುತ್ತಿದ್ದ. ಗೆಲ್ಲುವವನ ಮುಖ ಹಾಗಿರುವುದಿಲ್ಲ.

“ಮನೇಲೇ ಮಲಗ್ತೀನಿ ಅಂದುಬಿಡು, ಲೈಲ್,” ಮಾರ್ಲಿಸ್ ದನಿ ತಗ್ಗಿಸಿದಳು. “ಬರ್ಕೊಂಡು ಮುಗಿಸ್ತೀನಿ.”

ಒಂದು ಸುಳ್ಳು ಸಾಕಿತ್ತು. ಆದರೆ ಈ ಮನುಷ್ಯ ಮೂವತ್ತೆಂಟು ವರ್ಷ ಸಹಕಾರ ಸಂಘದಲ್ಲಿ ಗೋಧಿ ತೂಗಿದವನು. ಅವನ ತೂಕವನ್ನು ಯಾರೂ ಮತ್ತೆ ತೂಗಿ ನೋಡಿದ್ದಿಲ್ಲ.

“ಇಲ್ಲ. ಮನೇಲಿ ಮಲಗಲ್ಲ.”

“ಮತ್ತೆಲ್ಲಿ?”

“ಪಟ್ಟಣದಲ್ಲಿ. ಅದಕ್ಕಿಂತ ಹೆಚ್ಚು ಕೇಳಬೇಡ. ಪಾಪ, ಇನ್ನೊಬ್ಬಳ ಕೆಲಸ ಹೋಗುತ್ತೆ.”

ಇನ್ನೊಬ್ಬಳು! ಸಭೆ ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಪಟ್ಟಣವೆಂದರೆ ಒಂದನೇ ವಾರ್ಡು. ಅಲ್ಲಿಗೆ ಅವನ ಉಮೇದುವಾರಿಕೆ ಮುಗಿಯಿತು.

“ದೂರಿಗೆ ಸಹಿ ಹಾಕಿರೋದು ಯಾರು ಅಂತಾದ್ರೂ ನೋಡ್ತೀಯಾ?” ಮಾರ್ಲಿಸ್ ಹಾಳೆಯನ್ನು ಮುಂದೆ ಚಾಚಿದಳು.

“ಬೇಡ. ಬರೆದಿರೋದು ನಿಜ. ಯಾರು ಬರೆದ್ರೇನು?”

“ನೋಡು ಲೈಲ್,” ಎಂದಳು ಮತ್ತೆ. ಅವನು ತಲೆಯಾಡಿಸಿ ಟೋಪಿ ಎತ್ತಿಕೊಂಡ. ಮಾರ್ಲಿಸ್ ಅವನ ಹೆಸರಿನ ಮೇಲೆ ಗೆರೆ ಎಳೆದಳು. ಮತಪತ್ರದಲ್ಲಿ ಈಗ ಉಳಿದದ್ದು ಡ್ಯಾರೆಲ್ ಒಬ್ಬನೇ.

ಸಾಯಂಕಾಲ ಏಳಕ್ಕೆ ಪಿಕಪ್ ಎಂದಿನಂತೆ ಹೊರಟಿತು. ಕೆಫೆಯ ಕಿಟಕಿಯಲ್ಲಿ ಕಾದಿದ್ದ ಮುಖಗಳಿಗೆ ನಿರಾಸೆಯಾಯಿತು. ಗಾಡಿ ಅಲ್ಲಿ ನಿಲ್ಲಲೇ ಇಲ್ಲ. ಅದು ನಿಂತದ್ದು ವೃದ್ಧಾಶ್ರಮದ ಹಿಂಬಾಗಿಲಲ್ಲಿ. ಎಂಟರ ನಂತರ ಹೊರಗಿನವರು ಯಾರೂ ಒಳಗಿರಕೂಡದು. ಎರಡು ವರ್ಷದಿಂದ ರಾತ್ರಿಪಾಳಿಯ ನರ್ಸು ಆ ಬಾಗಿಲಿನ ಚಿಲಕ ಹಾಕಿರಲಿಲ್ಲ, ಲೈಲ್‌ನನ್ನು ಕಂಡೂ ಕಾಣದಂತಿದ್ದಳು.

ಒಂಬತ್ತನೇ ಕೋಣೆಯಲ್ಲಿ ಬರ್ನಿಸ್‌ಳ ಮಂಚ, ಪಕ್ಕಕ್ಕೆ ಕತ್ತು ನೋಯಿಸುವ ಒಂದು ಮರದ ಕುರ್ಚಿ. ನಡುರಾತ್ರಿ ಅವಳು ಹೆದರಿ ಎದ್ದಾಗ ಕುರ್ಚಿಯಲ್ಲಿ ಯಾರಾದರೂ ಇದ್ದರೆ ಸಾಕು, ಮತ್ತೆ ಮಲಗುತ್ತಾಳೆ. ನೂರೈವತ್ತು ಮೈಲಿ ಆಚೆ ಆ ಕುರ್ಚಿಯಲ್ಲಿ ಯಾರಿರುತ್ತಾರೆ? ಲೈಲ್ ಕುರ್ಚಿಯನ್ನು ಮಂಚದ ಹತ್ತಿರ ಎಳೆದು ಕೂತ. ಪೆಪ್ಪರ್‌ಮಿಂಟಿನ ಕಾಗದ ಬಿಡಿಸಿ ಅವಳ ಕೈಗಿಟ್ಟ.

ಅವಳು ಇವತ್ತು ಬಹಳ ಖುಷಿಯಲ್ಲಿದ್ದಳು. ದಿಂಬಿನ ಕೆಳಗಿಂದ ಹೊಸ ಪೆನ್ನೊಂದನ್ನು ತೆಗೆದು ತೋರಿಸಿದಳು. ಅದರ ಮೇಲೆ ಡ್ಯಾರೆಲ್ ಹಾಗೆನ್ ಎಂದಿತ್ತು.

“ನೀವು ರಾತ್ರಿ ಕಾವಲಿನವರಲ್ವಾ? ನಿಮಗೊಬ್ಬರಿಗೇ ಹೇಳ್ತೀನಿ ಕಣ್ರೀ,” ಎಂದು ಅವನತ್ತ ಬಾಗಿದಳು. “ಇದನ್ನ ಕೊಟ್ಟವರ ಹತ್ರ ಹೇಳಿದೆ, ನಮ್ಮ ಲೈಲ್ ರಾತ್ರಿ ಮನೆಗೆ ಬರೋದೇ ಇಲ್ಲ ಅಂತ. ಅವರು ಬರ್ಕೊಂಡ್ರು, ನಾನು ಸಹಿ ಹಾಕ್ಕೊಟ್ಟೆ. ಇನ್ನೇನು, ಹುಡುಕಿ ಕರ್ಕೊಂಡು ಬಂದೇಬಿಡ್ತಾರೆ.”